ಎಡಗೈ ರೂಢಿಯವನಿಗೆ ಮೊದಲ ಸೆಂಟರ್‌ಫೈರ್ ಲೀವರ್ ರೈಫಲ್: ವಿಂಚೆಸ್ಟರ್ 94, ಮಾರ್ಲಿನ್ 336, ಇಲ್ಲವೇ ನಮ್ಮ .315?

ಸೂಳೆಕೆರೆ ದಂಡೆ, ಚನ್ನಗಿರಿ

ಎಲ್ಲರಿಗೂ ನಮಸ್ಕಾರ. ಒಂದು ನಿರ್ಧಾರದ ಮುಂದೆ ನಿಂತು ಮೂರು ತಿಂಗಳಾಯಿತು; ತಿಳಿದವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ. ತಂದೆಯವರು ತೀರಿಕೊಂಡ ಮೇಲೆ ಅವರ ಜೋಡಿ ನಳಿಗೆಯ 12 ಬೋರ್ ಕೋವಿ ನನ್ನ ಪರವಾನಗಿಗೆ ಬಂದಿದೆ. ಅದರ ಜೊತೆಗೆ ಒಂದು ರೈಫಲ್ ಕೊಳ್ಳಲು ಈ ವರ್ಷ ಅನುಮತಿ ದೊರೆತಿದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು ಎಂಬ ಮಿತಿ ಇರುವುದರಿಂದ, ನಾನು ಈಗ ಕೊಳ್ಳುವ ರೈಫಲ್ ಮೊದಲನೆಯದೂ ಹೌದು, ಕೊನೆಯದೂ ಹೌದು. ಆದ್ದರಿಂದಲೇ ಇಷ್ಟು ಅಳುಕು.

ನನಗೆ ಬೇಟೆಯ ಆಸೆ ಇಲ್ಲ. ದಾವಣಗೆರೆಯಲ್ಲಿ ಓದುವಾಗ ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದ ದಿನದಿಂದ ಗುರಿ ಹೊಡೆಯುವುದರ ಮೇಲಿನ ಪ್ರೀತಿ ಹೋಗಿಲ್ಲ. ಅಡಿಕೆ ತೋಟದ ಮನೆ ಊರಿನಿಂದ ದೂರದಲ್ಲಿದೆ ಎಂಬುದು ಎರಡನೆಯ ಕಾರಣ. ಲೀವರ್ ಏಕೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ಎಡಗೈ ರೂಢಿಯವನು. ಬೋಲ್ಟಿನ (ನಳಿಗೆಯ ಹಿಂಬದಿಯನ್ನು ಮುಚ್ಚಿ ತೆರೆಯುವ ಉಕ್ಕಿನ ತುಂಡಿನ) ಹಿಡಿ ಬಲಕ್ಕೆ ಇರುವ ರೈಫಲಿನಲ್ಲಿ ಪ್ರತಿ ಗುಂಡಿಗೂ ಕೆನ್ನೆಯನ್ನು ಎತ್ತಿ, ಕೈಯನ್ನು ಆಚೆಗೆ ಚಾಚಿ, ಮತ್ತೆ ಮೊದಲಿನಿಂದ ಭುಜಕ್ಕೆ ಕೂರಿಸಿಕೊಳ್ಳಬೇಕಾಗುತ್ತಿತ್ತು. ಲೀವರ್ ರೈಫಲಿನಲ್ಲಿ ಟ್ರಿಗರಿನ ಕೆಳಗಿನ ಬಳೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಖಾಲಿ ಕೋಶ ಹೊರಬಿದ್ದು ಹೊಸ ತೋಟಾ ಒಳಸೇರುತ್ತದೆ. ಅದಕ್ಕೆ ಎಡ ಬಲ ಎಂಬ ಭೇದವಿಲ್ಲ.

ಕಣ್ಣ ಮುಂದಿರುವುದು ಮೂರು. ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದ ಕುಟುಂಬ ತಮ್ಮ ಹಳೆಯ ವಿಂಚೆಸ್ಟರ್ 94 ಅನ್ನು ಮಾರುತ್ತಿದೆ; ಅದರ ತೋಟಾ .30-30 ಎಂಬ ಅಳತೆಯದೆಂದು ಫೋನಿನಲ್ಲಿ ಹೇಳಿದರು. ಬೆಂಗಳೂರಿನ ಒಬ್ಬ ಪರವಾನಗಿದಾರ ವ್ಯಾಪಾರಿಯ ಬಳಿ ಮಾರ್ಲಿನ್ 336 ಇದೆ, ಬೆಲೆ ಹೆಚ್ಚು. ಮೂರನೆಯದು ಇಷಾಪುರದ ಸರ್ಕಾರಿ ಕಾರ್ಖಾನೆಯ ಹೊಸ .315 ಬೋಲ್ಟ್ ರೈಫಲ್. ಯಾವುದನ್ನು ತೆಗೆದುಕೊಳ್ಳಲಿ?

ನಿವೃತ್ತ ಹವಾಲ್ದಾರ್, ಚಿತ್ರದುರ್ಗ

ತಮ್ಮಾ, ನಿನ್ನ ಬರಹ ಓದಿದೆ. ರೈಫಲಿಗಿಂತ ಮೊದಲು ತೋಟಾದ ಲೆಕ್ಕ ಹಾಕಬೇಕೆಂಬುದು ನನ್ನ ಒಂದೇ ಮಾತು. .315ಕ್ಕೆ ಬೇಕಾದ ತೋಟಾ ಪುಣೆಯ ಖಡ್ಕಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಇವತ್ತು ಒಂದು ಅಂಗಡಿಯಲ್ಲಿ ಮುಗಿದರೆ ಮುಂದಿನ ತಿಂಗಳು ಇನ್ನೊಂದು ಅಂಗಡಿಗೆ ಬರುತ್ತದೆ. .30-30 ತೋಟಾ ನಮ್ಮ ದೇಶದಲ್ಲಿ ತಯಾರಾಗುವುದಿಲ್ಲ. ಹೊರಗಿನಿಂದ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಒಂದು ಗುಂಡಿನ ಬೆಲೆ ನೋಡಿ ಅಭ್ಯಾಸಕ್ಕೇ ಹಿಂಜರಿಯುವಂತಾದರೆ ಆ ರೈಫಲ್ ಗೋಡೆಯ ಮೇಲಿನ ಅಲಂಕಾರವಾಗುತ್ತದೆ. ಅದು ನನ್ನ ಮನಸ್ಸಿಗೆ ನೋವಾಗುವ ಸಂಗತಿ.

ಎಡಗೈಯ ಮಾತು ನನಗೆ ಅರ್ಥವಾಗುತ್ತದೆ. ನಮ್ಮ ಪ್ಲಟೂನಿನಲ್ಲಿಯೂ ಎಡಗೈಯವರು ಇದ್ದರು. ಎಲ್ಲರಿಗೂ ಒಂದೇ ರೈಫಲ್, ಅದರಲ್ಲಿಯೇ ಕಲಿತು ಚೆನ್ನಾಗಿ ಹೊಡೆದರು. .315ರ ಮೂಲ ಹಳೆಯ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲಿನ ಆಕ್ಷನ್ (ತೋಟಾ ತುಂಬಿ ಹೊರಹಾಕುವ ಯಂತ್ರಭಾಗ), ಬೋಲ್ಟ್ ಬೆಣ್ಣೆಯ ಹಾಗೆ ಸರಿಯುತ್ತದೆ, ತೋಟಾ ತುಂಬಿಡುವ ಮ್ಯಾಗಜೀನಿನಲ್ಲಿ ಐದು ತೋಟಾ ಹಿಡಿಯುತ್ತವೆ. ಆರು ತಿಂಗಳು ಖಾಲಿ ರೈಫಲಿನಲ್ಲಿ ಕೈ ಪಳಗಿಸಿದರೆ ನಿನ್ನ ದೂರು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಹೊಳಲ್ಕೆರೆಯವನು, ಈಗ ಪೆನ್ಸಿಲ್ವೇನಿಯಾ

ಹವಾಲ್ದಾರರ ಮಾತನ್ನು ಗೌರವಿಸುತ್ತಲೇ ಲೀವರಿನ ಪರವಾಗಿ ಮಾತಾಡುತ್ತೇನೆ. ನಾನಿರುವ ರಾಜ್ಯದಲ್ಲಿ ಜಿಂಕೆ ಬೇಟೆಗೆ ಸೆಮಿ-ಆಟೊಮ್ಯಾಟಿಕ್ (ಪ್ರತಿ ಗುಂಡಿನ ನಂತರ ತಾನಾಗಿ ತೋಟಾ ತುಂಬಿಕೊಳ್ಳುವ) ರೈಫಲ್ ಬಳಸುವಂತಿಲ್ಲ. ಹಾಗಾಗಿ ಇಲ್ಲಿಯ ಹಳೆಯ ಮನೆಗಳಲ್ಲಿ ತಲೆಮಾರುಗಳಿಂದ ಲೀವರ್ ರೈಫಲ್ ಇದ್ದೇ ಇರುತ್ತದೆ. ಒಂಬತ್ತು ವರ್ಷಗಳಿಂದ ನನ್ನ ಬಳಿ ಮಾರ್ಲಿನ್ 336 ಇದೆ, ಅದಕ್ಕೆ ಮೊದಲು ಎರಡು ವರ್ಷ ನೆರೆಯವರ ವಿಂಚೆಸ್ಟರ್ 94ರಲ್ಲಿ ಅಭ್ಯಾಸ ಮಾಡಿದ್ದೆ.

ವಿಂಚೆಸ್ಟರ್ 94 ಜಾನ್ ಬ್ರೌನಿಂಗ್ ಅವರ ವಿನ್ಯಾಸ, 1894ರದು. .30-30 ತೋಟಾ ಮರುವರ್ಷ, 1895ರಲ್ಲಿ, ಅದೇ ರೈಫಲಿಗೆಂದು ಬಂತು. ಕರಿಮದ್ದಿನ ಕಾಲ ಮುಗಿದು ಹೊಗೆಯಿಲ್ಲದ ಮದ್ದು ಬಂದಾಗ ಅಮೆರಿಕದ ಬೇಟೆಗಾರರ ಕೈಗೆ ಸಿಕ್ಕ ಮೊದಲ ತೋಟಾಗಳಲ್ಲಿ ಅದೂ ಒಂದು. ಈ ರೈಫಲ್ 70 ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ತೆಳ್ಳಗೆ, ಚಪ್ಪಟೆಯಾಗಿ, ಸುಮಾರು ಮೂರು ಕಿಲೋ ತೂಗುತ್ತದೆ. ನಡುವಿನಲ್ಲಿ ಹಿಡಿದು ಒಂದು ಕೈಯಲ್ಲಿ ಇಡೀ ದಿನ ಗುಡ್ಡ ಹತ್ತಬಹುದು. 1980ರ ದಶಕದ ಆರಂಭದವರೆಗೆ ತಯಾರಾದ 94ರಲ್ಲಿ ಖಾಲಿ ಕೋಶ ನೇರವಾಗಿ ಮೇಲಕ್ಕೆ ಚಿಮ್ಮುತ್ತದೆ. ಎಡಗೈಯವರಿಗೆ ಇದು ಒಳ್ಳೆಯದೇ, ಆದರೆ ಮೇಲೆ ದುರ್ಬೀನು ಕೂರಿಸುವುದು ಕಷ್ಟ. ಭಾರತಕ್ಕೆ ಬಂದಿರುವ ಹಳೆಯ ರೈಫಲುಗಳೆಲ್ಲ ಬಹುತೇಕ ಈ ಬಗೆಯವೇ ಆಗಿರುತ್ತವೆ.

ಮಾರ್ಲಿನ್ 336 ಬಂದದ್ದು 1948ರಲ್ಲಿ. ಅದರ ಮೇಲ್ಭಾಗ ಮುಚ್ಚಿದ ಗಟ್ಟಿ ಉಕ್ಕು, ಕೋಶ ಬಲಬದಿಯಿಂದ ಹೊರಬೀಳುತ್ತದೆ. ನನ್ನ ಸ್ನೇಹಿತರೊಬ್ಬರು ಎಡಗೈಯವರು; ಕೋಶ ಮುಂದಕ್ಕೂ ಬಲಕ್ಕೂ ಹೋಗುವುದರಿಂದ ಮುಖಕ್ಕೆ ತಾಗಿದ್ದನ್ನು ನಾನು ಕಂಡಿಲ್ಲ. ಆಕ್ಷನ್ ತುಸು ದಪ್ಪ, ತೂಕ ಒಂದು ಪಾವು ಕಿಲೋದಷ್ಟು ಹೆಚ್ಚು. ನನ್ನ ಆಯ್ಕೆ ಮಾರ್ಲಿನ್. ಕಾರಣ ಒಂದೇ: ಲೀವರಿನ ಒಂದು ಸ್ಕ್ರೂ ಬಿಚ್ಚಿದರೆ ಲೀವರ್ ಹೊರಬರುತ್ತದೆ, ಅದರ ಹಿಂದೆಯೇ ಬೋಲ್ಟ್ ಜಾರಿ ಕೈಗೆ ಬರುತ್ತದೆ, ನಳಿಗೆಯನ್ನು ಹಿಂದಿನಿಂದ ಶುಚಿ ಮಾಡಬಹುದು. 94ರಲ್ಲಿ ಹಾಗೆ ಸುಲಭವಾಗಿ ಬಿಚ್ಚಲಾಗದು, ನಳಿಗೆಯ ಬಾಯಿಯ ಕಡೆಯಿಂದ ಸಲಾಕೆ ತೂರಿಸಬೇಕು. ಸಲಾಕೆ ಬಾಯಿಯ ಅಂಚನ್ನು ವರ್ಷಗಟ್ಟಲೆ ಉಜ್ಜಿದರೆ ಗುಂಡಿನ ನೇರ ಕೆಡುತ್ತದೆ.

ಮಾರಿಕಣಿವೆ ರೈತ, ಹಿರಿಯೂರು

ಈ ಸೆಂಟರ್‌ಫೈರ್ ಎಂಬ ಪದ ನನ್ನಂಥವರಿಗೆ ಹೊಸದು. ಎನ್‌ಸಿಸಿಯ .22 ಬೇರೆ, ಇದು ಬೇರೆ ಎಂದು ಮಾತ್ರ ಗೊತ್ತು. ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

ಗುರಿ ಕಲಿಸುವವಳು, ದಾವಣಗೆರೆ

ಹೇಳುತ್ತೇನೆ ಸ್ವಾಮಿ. .22 ತೋಟಾದ ಹಿಂಬದಿಯ ಅಂಚಿನ ಮಡಿಕೆಯೊಳಗೆ ಕಿಡಿ ಹೊತ್ತಿಸುವ ಮದ್ದು ತುಂಬಿರುತ್ತದೆ. ಸೂಜಿ ಅಂಚಿಗೆ ಬಡಿಯುತ್ತದೆ. ಅದು ರಿಮ್‌ಫೈರ್. ತಾವು ಕಂಡಿರುವ 12 ಬೋರ್ ತೋಟಾದ ಹಿಂಬದಿಯ ನಡುವೆ ಒಂದು ಪುಟ್ಟ ಬಟ್ಟಲು ಇರುತ್ತದಲ್ಲವೇ, ಅದೇ ಪ್ರೈಮರ್. ಸೂಜಿ ಅಲ್ಲಿ ಬಡಿಯುವ ತೋಟಾಗಳೆಲ್ಲ ಸೆಂಟರ್‌ಫೈರ್. ಅಂಚಿನಲ್ಲಿ ಮದ್ದು ತುಂಬಬೇಕಾದರೆ ಹಿತ್ತಾಳೆ ತೆಳುವಾಗಿರಬೇಕು, ತೆಳುವಾದದ್ದು ಹೆಚ್ಚಿನ ಒತ್ತಡ ತಡೆಯದು. ಹಾಗಾಗಿ ಬಲವಾದ ರೈಫಲುಗಳೆಲ್ಲ ಸೆಂಟರ್‌ಫೈರ್ ಆಗಿರುತ್ತವೆ.

ಚನ್ನಗಿರಿಯ ತಮ್ಮನಿಗೆ ಒಂದು ಮಾತು. .22ರಿಂದ ನೇರವಾಗಿ .30-30ಕ್ಕೆ ಬರುವವರು ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತಾರೆ, ಭುಜ ಮುಂದೂಡುತ್ತಾರೆ. ಆದರೆ 12 ಬೋರ್ ಹೊಡೆದು ಗೊತ್ತಿರುವವರಿಗೆ .30-30ರ ಒದೆತ ಹೆಚ್ಚೆನಿಸದು. ನಿಜವಾಗಿ ಗಮನ ಕೊಡಬೇಕಾದದ್ದು ಹ್ಯಾಮರಿಗೆ, ಅಂದರೆ ಸೂಜಿಯನ್ನು ಬಡಿಯುವ ಪುಟ್ಟ ಸುತ್ತಿಗೆಗೆ. ಹಳೆಯ ಲೀವರ್ ರೈಫಲುಗಳಲ್ಲಿ ಬೇರೆ ಸೇಫ್ಟಿ ಗುಂಡಿ ಇರುವುದಿಲ್ಲ. ಹ್ಯಾಮರನ್ನು ಅರ್ಧಕ್ಕೆ ಎತ್ತಿ ನಿಲ್ಲಿಸುವುದೇ ಸೇಫ್ಟಿ. ತೋಟಾ ಒಳಗಿರುವಾಗ ಪೂರ್ತಿ ಎತ್ತಿದ ಹ್ಯಾಮರನ್ನು ಹೆಬ್ಬೆರಳಿನಲ್ಲಿ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಅರ್ಧಕ್ಕೆ ಇಳಿಸುವಾಗ ಬೆರಳು ಜಾರಿದರೆ ಗುಂಡು ಹಾರುತ್ತದೆ. ಬೆವರಿದ ಕೈ, ಮಳೆಯಲ್ಲಿ ನೆನೆದ ಕೈ ಜಾರುವುದು ಸಹಜ. ನನ್ನ ಬಳಿ ಕಲಿಯುವವರಿಗೆ ಮೊದಲು ಡಮ್ಮಿ ತೋಟಾ ಹಾಕಿ ನೂರು ಸಲ ಇದನ್ನು ಮಾಡಿಸುತ್ತೇನೆ, ನಳಿಗೆ ಮಣ್ಣಿನ ದಿಬ್ಬದ ಕಡೆಗಿದ್ದರೆ ಮಾತ್ರ. ಸುಮ್ಮನೆ ಒಯ್ಯುವಾಗ ನಳಿಗೆಯಲ್ಲಿ ತೋಟಾ ಇರಲೇಬಾರದು. ಈ ನಿಯಮವನ್ನು ನಾನು ಯಾರಿಗಾಗಿಯೂ ಸಡಿಲಿಸಿಲ್ಲ.

ಇನ್ನೊಂದು ಮಾತು: ಈ ರೈಫಲುಗಳಲ್ಲಿ ನಳಿಗೆಯ ಕೆಳಗಿರುವ ಕೊಳವೆಯೇ ಮ್ಯಾಗಜೀನು; ಖಾಲಿ ಮಾಡಬೇಕಾದಾಗ ಕೊಳವೆ ಮ್ಯಾಗಜೀನಿನ ತೋಟಾಗಳನ್ನು ಒಂದೊಂದಾಗಿ ನಳಿಗೆಯ ಮೂಲಕವೇ ಲೀವರ್ ಆಡಿಸಿ ಹೊರತೆಗೆಯಬೇಕು. ಆ ಹೊತ್ತಿನಲ್ಲಿ ಟ್ರಿಗರಿನ ಮೇಲೆ ಬೆರಳಿರಕೂಡದು. ಎಲ್ಲ ಮುಗಿಯಿತೆಂದು ಎಣಿಸಿದ ಮೇಲೂ ಕಿರುಬೆರಳು ತೂರಿಸಿ ನಳಿಗೆಯ ಮನೆಯನ್ನೂ (ತೋಟಾ ಕೂರುವ ಜಾಗವನ್ನೂ) ಕೊಳವೆಯ ಬಾಯಿಯನ್ನೂ ಮುಟ್ಟಿ ನೋಡಬೇಕು.

ಜಗಳೂರು ಮೆಕ್ಕೆಜೋಳ

ಕೊಳವೆ ಮ್ಯಾಗಜೀನಿನಲ್ಲಿ ತೋಟಾಗಳು ಒಂದರ ಹಿಂದೊಂದು ಸಾಲಾಗಿ ಮಲಗಿರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರಿಗೆ ತಾಗಿದರೆ ಒಳಗೇ ಸಿಡಿಯದೇ?

ಹೊಳಲ್ಕೆರೆಯವನು, ಈಗ ಪೆನ್ಸಿಲ್ವೇನಿಯಾ

ಸರಿಯಾದ ಪ್ರಶ್ನೆ ಅಣ್ಣಾ. ಚೂಪು ಮೂತಿಯ ಗುಂಡು ಹಾಕಿದರೆ ಒದೆತದ ರಭಸಕ್ಕೆ ಆ ಅಪಾಯ ಖಂಡಿತ ಇದೆ. ಅದಕ್ಕಾಗಿಯೇ .30-30 ಗುಂಡಿನ ಮೂತಿ ಚಪ್ಪಟೆ ಅಥವಾ ಮೊಂಡಾಗಿರುತ್ತದೆ. ಕೆಲವು ವರ್ಷಗಳ ಹಿಂದೆ ಹಾರ್ನಡಿ ಕಂಪನಿ ಮೃದುವಾದ ಪಾಲಿಮರ್ ತುದಿಯ ಚೂಪು ಗುಂಡನ್ನು ತಂದಿತು, ತುದಿ ಒತ್ತಿದರೆ ಬಾಗುವುದರಿಂದ ಅದನ್ನು ಕೊಳವೆಯಲ್ಲಿ ಹಾಕಬಹುದು. ಅದೊಂದನ್ನು ಬಿಟ್ಟು ಚೂಪು ಮೂತಿಯ ಯಾವ ಗುಂಡನ್ನೂ ಲೀವರಿನ ಕೊಳವೆಗೆ ತುಂಬಬಾರದು.

ಚಪ್ಪಟೆ ಮೂತಿಗೆ ತೆರಬೇಕಾದ ಬೆಲೆಯೂ ಇದೆ. ಗಾಳಿಯನ್ನು ಸೀಳುವ ಆಕಾರವಲ್ಲದ್ದರಿಂದ ವೇಗ ಬೇಗ ಕುಗ್ಗುತ್ತದೆ. 150 ಗ್ರೇನಿನ, ಅಂದರೆ ಸುಮಾರು 9.7 ಗ್ರಾಮಿನ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ 730 ಮೀಟರಿನಷ್ಟು ವೇಗದಲ್ಲಿರುತ್ತದೆ. 170 ಗ್ರೇನಿನದು 670ರಷ್ಟು. ನೂರೈವತ್ತು ಮೀಟರಿನವರೆಗೆ ಚಿಂತೆಯಿಲ್ಲ, ಇನ್ನೂರರ ಆಚೆ ಗುಂಡು ಎದ್ದು ಕಾಣುವಂತೆ ಇಳಿಯುತ್ತದೆ. ತೆರೆದ ಸೈಟಿನಲ್ಲಿ (ದುರ್ಬೀನಿಲ್ಲದೆ, ನಳಿಗೆಯ ಮೇಲಿನ ಗುರಿಕಾಣಿಯಿಂದ) ನೂರು ಮೀಟರಿನ ಗುರಿ ಅಭ್ಯಾಸಕ್ಕೆ ಇದು ಧಾರಾಳವಾಯಿತು. ಇಲ್ಲಿ ಹೊಸಬರು ಹೆಚ್ಚು ಬಲ ಬೇಕೆಂದು .45-70 ಕೊಳ್ಳುವುದನ್ನು ಕಂಡಿದ್ದೇನೆ. ಹತ್ತು ಗುಂಡು ಹೊಡೆದು ಭುಜ ಹಿಡಿದುಕೊಂಡು, ಮರುವರ್ಷ ಮಾರಿಬಿಡುತ್ತಾರೆ. ಮೊದಲ ರೈಫಲಿಗೆ ಅದು ಬೇಡ.

ಹಳೆಯ ಮನೆಗಳಲ್ಲಿ ಸ್ಯಾವೇಜ್ 99 ಎಂಬ ಲೀವರ್ ರೈಫಲ್ ಸಿಕ್ಕರೆ ಅದನ್ನೂ ಬಿಡಬೇಡಿ. ಅದರದು ಸುತ್ತುವ ಮ್ಯಾಗಜೀನು, ಚೂಪು ಗುಂಡಿಗೂ ಆದೀತು, ಹೊರಗೆ ಹ್ಯಾಮರ್ ಇಲ್ಲ.

ಮಾರಿಕಣಿವೆ ರೈತ, ಹಿರಿಯೂರು

ವಿವರಿಸಿದ ಅಕ್ಕನವರಿಗೂ ಅಣ್ಣನವರಿಗೂ ವಂದನೆ. ಆದರೂ ಒಂದು ಹೆದರಿಕೆ ಹೇಳಲೇಬೇಕು. ನಮ್ಮದು ಬಯಲು ಸೀಮೆ. 12 ಬೋರಿನ ಚರೆ ಇನ್ನೂರು ಮುನ್ನೂರು ಮೀಟರಿನಲ್ಲಿ ಉದುರಿ ಬೀಳುತ್ತದೆ. ರೈಫಲಿನ ಗುಂಡು ಗುರಿ ತಪ್ಪಿದರೆ ಎರಡು ಕಿಲೋಮೀಟರಿನ ಆಚೆಗೂ ಹೋಗಬಲ್ಲದು ಎಂದು ಕೇಳಿದ್ದೇನೆ. ಅಡಿಕೆ ತೋಟದ ಆಚೆ ನಾಲೆಯ ಏರಿಯ ಮೇಲೆ ಯಾರೋ ಎಮ್ಮೆ ಹೊಡೆದುಕೊಂಡು ಬರುತ್ತಿರುತ್ತಾರೆ, ಮಕ್ಕಳು ಶಾಲೆಗೆ ನಡೆಯುತ್ತಿರುತ್ತಾರೆ. ರಾತ್ರಿ ಹಂದಿ ಬಂತೆಂದು ಕತ್ತಲಲ್ಲಿ ರೈಫಲ್ ಎತ್ತುವ ಮನಸ್ಸು ಯಾವತ್ತೂ ಬಾರದಿರಲಿ.

ಸೂಳೆಕೆರೆ ದಂಡೆ, ಚನ್ನಗಿರಿ

ತಮ್ಮ ಹೆದರಿಕೆ ನನ್ನದೂ ಹೌದು. ತೋಟದಲ್ಲಿ ಗುಂಡು ಹಾರಿಸುವ ಯೋಚನೆ ಇಲ್ಲ. ಅಭ್ಯಾಸವೆಲ್ಲ ಅನುಮತಿ ಇರುವ ರೇಂಜಿನಲ್ಲಿ, ಹಿಂದೆ ಮಣ್ಣಿನ ಗೋಡೆ ಇರುವಲ್ಲಿ ಮಾತ್ರ. ಹಂದಿಗೆ ಈಗ ಸೋಲಾರ್ ಬೇಲಿ ಹಾಕಿಸಿದ್ದೇನೆ.

ದುರ್ಗದ ವಕೀಲ

ಹಂದಿಯ ಮಾತು ಬಂದದ್ದರಿಂದ ಕಾನೂನನ್ನು ಸ್ಪಷ್ಟಪಡಿಸುತ್ತೇನೆ. ಬಂದೂಕಿನ ಪರವಾನಗಿ ಬೇರೆ, ಪ್ರಾಣಿಯನ್ನು ಹೊಡೆಯುವ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ನಿಷಿದ್ಧ. ನಿಂತ ಬೆಳೆಗೆ ಹಾನಿ ಮಾಡುವ ಹಂದಿಯ ವಿಷಯದಲ್ಲಿಯೂ 11ನೆಯ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಲಿಖಿತ ಅನುಮತಿ ಕೊಟ್ಟರೆ ಮಾತ್ರ ಮುಂದಿನ ಮಾತು. ಕರಡಿ ಆ ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯ ಪ್ರಾಣಿ. ಜೋಗಿಮಟ್ಟಿಯ ಸುತ್ತಲಿನ ಹೊಲಗಳಲ್ಲಿ ಕರಡಿ ಕಾಣಿಸಿತೆಂದು ಯಾರೂ ಬಂದೂಕಿನ ಕಡೆ ಕೈ ಚಾಚಬಾರದು.

ಇನ್ನು ಕೊಳ್ಳುವ ವಿಷಯ. ಪರವಾನಗಿದಾರರೊಬ್ಬರು ಇನ್ನೊಬ್ಬ ಪರವಾನಗಿದಾರರಿಗೆ ನೇರವಾಗಿ ಮಾರುವುದಾದರೆ, 1959ರ ಆಯುಧ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಮಾರುವವರು ತಮ್ಮ ಜಿಲ್ಲಾ ದಂಡಾಧಿಕಾರಿಗೆ ಅಥವಾ ಸಮೀಪದ ಠಾಣೆಗೆ, ಕೊಳ್ಳುವವರ ಹೆಸರು ವಿಳಾಸ ಸಹಿತ ಲಿಖಿತವಾಗಿ ತಿಳಿಸಿ, 45 ದಿನ ಕಳೆದ ಮೇಲೆಯೇ ಆಯುಧವನ್ನು ಕೈ ಬದಲಿಸಬೇಕು. ಮುಂಗಡ ಕೊಟ್ಟು ಕಾರಿನಲ್ಲಿ ಇಟ್ಟುಕೊಂಡು ಬರುವುದು ಅಪರಾಧ.

ಮೂರನೆಯದು ಬೋರ್. .303 ಮತ್ತು 7.62 ಮಿ.ಮೀ. ಸೇನಾ ತೋಟಾ ಹಾರಿಸಬಲ್ಲ ಬೋಲ್ಟ್ ರೈಫಲುಗಳನ್ನು ನಮ್ಮ ನಿಯಮಗಳು ನಿರ್ಬಂಧಿತ ವರ್ಗದಲ್ಲಿ ಇಟ್ಟಿವೆ. ಆದ್ದರಿಂದ ಯಾವ ರೈಫಲ್ ಆದರೂ ನಳಿಗೆಯ ಮೇಲೆ ಏನು ಬರೆದಿದೆ ಎಂಬುದನ್ನು ಕಣ್ಣಾರೆ ಓದಿ, ಅದೇ ಬರಹ ಪರವಾನಗಿಯಲ್ಲಿಯೂ ಬರುವಂತೆ ನೋಡಿಕೊಳ್ಳಬೇಕು. ಮಾರುವವರ ಬಾಯಿಮಾತನ್ನು ನಂಬಿ ಅರ್ಜಿ ಬರೆಯಬೇಡಿ.

ನಿವೃತ್ತ ಹವಾಲ್ದಾರ್, ಚಿತ್ರದುರ್ಗ

ವಕೀಲರ ಕೊನೆಯ ಮಾತಿಗೆ ನನ್ನ ಸಹಮತವಿದೆ. ನೋಡಲು ಹೋಗುವೆಯಾದರೆ ಇಷ್ಟನ್ನು ಪರೀಕ್ಷಿಸು. ರೈಫಲ್ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ಬೋಲ್ಟ್ ತೆರೆದು, ಹಿಂದಿನ ಕಡೆ ಬಿಳಿ ಕಾಗದದ ತುಂಡಿಟ್ಟು, ಬಾಯಿಯ ಕಡೆಯಿಂದ ನಳಿಗೆಯೊಳಗೆ ನೋಡು. ಗುಂಡನ್ನು ತಿರುಗಿಸುವ ಸುರುಳಿ ಗೀರುಗಳ ಅಂಚು ಹರಿತವಾಗಿ ಕಾಣಬೇಕು. ಹಳೆಯ ಕಾಲದ ಪ್ರೈಮರುಗಳು ಉಪ್ಪಿನ ಅಂಶ ಬಿಡುತ್ತಿದ್ದವು, ತೊಳೆಯದೆ ಬಿಟ್ಟ ನಳಿಗೆಯಲ್ಲಿ ಸಿಡುಬಿನ ಕಲೆಯಂತೆ ಗುಳಿ ಬಿದ್ದಿರುತ್ತದೆ. ಹ್ಯಾಮರನ್ನು ಪೂರ್ತಿ ಎತ್ತಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತು, ಬೀಳಬಾರದು. ಅರ್ಧಕ್ಕೆ ನಿಲ್ಲಿಸಿ ಟ್ರಿಗರ್ ಒತ್ತು, ಆಗಲೂ ಬೀಳಬಾರದು. ಸ್ಕ್ರೂಗಳ ತಲೆ ಕೆದರಿದ್ದರೆ ಗೊತ್ತಿಲ್ಲದವರು ಬಿಚ್ಚಿದ್ದಾರೆ ಎಂದರ್ಥ. ಮಲೆನಾಡಿನ ಮನೆಯಲ್ಲಿದ್ದ ಕೋವಿಯಾದ್ದರಿಂದ ಮರ ಮತ್ತು ಉಕ್ಕು ಕೂಡುವಲ್ಲಿ, ಕೊಳವೆ ಮತ್ತು ನಳಿಗೆಯ ನಡುವಿನ ಸಂದಿಯಲ್ಲಿ ತುಕ್ಕು ಹುಡುಕು.

ಜಗಳೂರು ಮೆಕ್ಕೆಜೋಳ

ನಮ್ಮ ನಾಡಿಗೆ ಲೀವರ್ ರೈಫಲ್ ಹೊಸದೇನಲ್ಲ ಎಂಬುದನ್ನೂ ನೆನೆಯಬೇಕು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಹಿಡಿಯುತ್ತಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿ. ಅದೂ ಲೀವರ್ ರೈಫಲೇ. ಆದರೆ ಕೊಳವೆಯ ಬದಲು ಕೆಳಗೆ ಪೆಟ್ಟಿಗೆ ಮ್ಯಾಗಜೀನು.

ಸೂಳೆಕೆರೆ ದಂಡೆ, ಚನ್ನಗಿರಿ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ನಿನ್ನೆ ಚಿಕ್ಕಮಗಳೂರು ಕಡೆ ಹೋಗಿ ವಿಂಚೆಸ್ಟರ್ ನೋಡಿಕೊಂಡು ಬಂದೆ. ಮನೆಯ ಹಿರಿಯರು ಬಹಳ ಸಜ್ಜನರು. ಪರವಾನಗಿ ತೋರಿಸಿದ ಮೇಲೆ ಕಪಾಟಿನಿಂದ ಹತ್ತಿ ಬಟ್ಟೆಯಲ್ಲಿ ಸುತ್ತಿದ ರೈಫಲನ್ನು ತಂದು, ಲೀವರ್ ತೆರೆದು ಖಾಲಿ ಎಂದು ತೋರಿಸಿಯೇ ಕೈಗೆ ಕೊಟ್ಟರು. ಭುಜಕ್ಕೇರಿಸಿದ ಕ್ಷಣ ಅದು ನನಗಾಗಿಯೇ ಮಾಡಿದ್ದೆನಿಸಿತು. ಎಡಭುಜದಲ್ಲಿ ಇಟ್ಟು, ಕೆನ್ನೆ ಎತ್ತದೆ, ಐದಾರು ಬಾರಿ ಲೀವರ್ ಆಡಿಸಿದೆ. ಇಷ್ಟು ವರ್ಷ ಕೈ ಚಾಚಿ ಬೋಲ್ಟ್ ಎಳೆದ ನನಗೆ ಕಣ್ಣು ತುಂಬಿ ಬಂತು ಎಂದರೆ ಅತಿಶಯವಲ್ಲ.

ಹವಾಲ್ದಾರರು ಹೇಳಿದ್ದನ್ನೆಲ್ಲ ಪರೀಕ್ಷಿಸಿದೆ. ಹ್ಯಾಮರ್ ಬೀಳಲಿಲ್ಲ. ಸ್ಕ್ರೂಗಳು ಮುಟ್ಟಿದಂತಿಲ್ಲ. ನಳಿಗೆಯೊಳಗೆ ಅಲ್ಲಲ್ಲಿ ಮಬ್ಬಿದೆ, ಗೀರುಗಳು ಮಾತ್ರ ಸ್ಪಷ್ಟವಾಗಿವೆ. ಕೊನೆಗೆ ವಕೀಲರ ಮಾತು ನೆನಪಾಗಿ ನಳಿಗೆಯ ಮೇಲಿನ ಬರಹವನ್ನು ಟಾರ್ಚ್ ಹಿಡಿದು ಓದಿದೆ. .30-30 ಎಂದಿರಲಿಲ್ಲ. ‘32 ಡಬ್ಲ್ಯೂ.ಎಸ್.’ ಎಂದಿತ್ತು. ಹಿರಿಯರಿಗೂ ಆಶ್ಚರ್ಯವಾಯಿತು, ಅವರ ತಂದೆಯವರ ಕಾಲದಿಂದ ಅದನ್ನು ಥರ್ಟಿ-ಥರ್ಟಿ ಎಂದೇ ಕರೆದು ರೂಢಿಯಂತೆ. ಜೊತೆಗಿದ್ದ ಪೆಟ್ಟಿಗೆಯಲ್ಲಿ ಏಳು ತೋಟಾಗಳಿದ್ದವು, ಅವುಗಳ ಮೇಲೆ .30-30 ಎಂದೇ ಇತ್ತು. ಏನಿದು?

ಹೊಳಲ್ಕೆರೆಯವನು, ಈಗ ಪೆನ್ಸಿಲ್ವೇನಿಯಾ

ತಮ್ಮಾ, ಆ ಏಳು ತೋಟಾಗಳಲ್ಲಿ ಒಂದನ್ನೂ ಆ ರೈಫಲಿಗೆ ಹಾಕಬೇಡ ಎಂದು ದಯವಿಟ್ಟು ಆ ಹಿರಿಯರಿಗೆ ಇವತ್ತೇ ಫೋನ್ ಮಾಡಿ ತಿಳಿಸು. ನಳಿಗೆಯ ಮೇಲೆ ‘30 ಡಬ್ಲ್ಯೂ.ಸಿ.ಎಫ್.’ ಎಂದಿದ್ದರೆ ಅದು .30-30ರ ಹಳೆಯ ಹೆಸರು, ಏನೂ ತೊಂದರೆ ಇರಲಿಲ್ಲ. ‘32 ಡಬ್ಲ್ಯೂ.ಎಸ್.’ ಎಂದರೆ .32 ವಿಂಚೆಸ್ಟರ್ ಸ್ಪೆಷಲ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ 94ಕ್ಕೆಂದು ಬಂದ ಬೇರೆ ತೋಟಾ. ಎರಡರ ಕೋಶವೂ ಒಂದೇ ವಂಶದ್ದಾದ್ದರಿಂದ ಕಣ್ಣಿಗೆ ಅವಳಿಗಳಂತೆ ಕಾಣುತ್ತವೆ. ಆದರೆ .30-30 ಗುಂಡಿನ ವ್ಯಾಸ 7.82 ಮಿ.ಮೀ., .32 ಸ್ಪೆಷಲ್ ಗುಂಡಿನದು 8.15. ಚಿಕ್ಕ ಗುಂಡು ದೊಡ್ಡ ನಳಿಗೆಯೊಳಗೆ ಸಲೀಸಾಗಿ ಹೋಗುತ್ತದೆ, ಸುರುಳಿ ಗೀರು ಅದನ್ನು ಹಿಡಿಯುವುದಿಲ್ಲ, ಗುಂಡು ತಿರುಗದೆ ಲಾಗ ಹಾಕುತ್ತಾ ಎಲ್ಲಿಗೋ ಹೋಗುತ್ತದೆ. ಕೋಶದ ಕತ್ತು ಸೀಳಿ ಬಿಸಿ ಅನಿಲ ಹಿಂದಕ್ಕೆ ಬರಲೂಬಹುದು.

.32 ಸ್ಪೆಷಲ್ ಕೆಟ್ಟ ತೋಟಾ ಅಲ್ಲ. ಆದರೆ ಅಮೆರಿಕದಲ್ಲಿಯೇ ಅದನ್ನು ಹುಡುಕಿ ಕೊಳ್ಳಬೇಕಾಗಿದೆ.

ಮಾರಿಕಣಿವೆ ರೈತ, ಹಿರಿಯೂರು

ಖಡ್ಕಿಯ .315 ತೋಟಾ 8 ಮಿ.ಮೀ. ಎನ್ನುತ್ತಾರೆ, ಈ .32 ಕೂಡ ಎಂಟರ ಹತ್ತಿರ ಇದೆ. ಅದು ಇದಕ್ಕೆ ಆಗುವುದಿಲ್ಲವೇ?

ನಿವೃತ್ತ ಹವಾಲ್ದಾರ್, ಚಿತ್ರದುರ್ಗ

ಖಂಡಿತ ಆಗುವುದಿಲ್ಲ ಗೌಡರೇ. ಗುಂಡಿನ ಅಳತೆ ಹತ್ತಿರವಿದ್ದ ಮಾತ್ರಕ್ಕೆ ತೋಟಾ ಒಂದೇ ಆಗದು. .315ರ ಕೋಶದ ಮೈ ದಪ್ಪ, ಅಂಚು ಅಗಲ. ಆ ನಳಿಗೆಯ ಮನೆಯೊಳಗೆ ಹೋಗುವುದೇ ಇಲ್ಲ. ಇಂಥ ಪ್ರಯೋಗವನ್ನು ಯಾರೂ ಮನಸ್ಸಿನಲ್ಲಿಯೂ ಮಾಡಬಾರದು.

ದುರ್ಗದ ವಕೀಲ

ಇನ್ನೊಂದು ತೊಡಕನ್ನು ಗಮನಿಸಿ. ನಮ್ಮಲ್ಲಿ .32 ಎಂದೊಡನೆ ಎಲ್ಲರ ಮನಸ್ಸಿಗೆ ಬರುವುದು ಕಾನ್ಪುರದ ರಿವಾಲ್ವರ್. ಪರವಾನಗಿಯಲ್ಲಿ ಬರೀ ‘.32’ ಎಂದು ನಮೂದಾದರೆ ನಾಳೆ ತೋಟಾ ಅಂಗಡಿಯಲ್ಲಿ, ನವೀಕರಣದ ವೇಳೆ, ಚುನಾವಣೆಗೆ ಮುನ್ನ ಠಾಣೆಗೆ ಒಪ್ಪಿಸುವಾಗ ಪ್ರತಿ ಸಲವೂ ವಿವರಣೆ ಕೊಡಬೇಕಾಗುತ್ತದೆ. ಈಗ ಆ ಕುಟುಂಬದ ಪರವಾನಗಿಯಲ್ಲಿ ಏನೆಂದು ಬರೆದಿದೆ?

ಸೂಳೆಕೆರೆ ದಂಡೆ, ಚನ್ನಗಿರಿ

.30-30 ಎಂದೇ ಬರೆದಿದೆ. ಹಿರಿಯರಿಗೆ ನಿನ್ನೆ ರಾತ್ರಿಯೇ ಫೋನ್ ಮಾಡಿದೆ. ಅವರು ಆ ರೈಫಲಿನಿಂದ ಒಂದು ಗುಂಡನ್ನೂ ಹಾರಿಸಿಲ್ಲವೆಂದು ತಿಳಿದು ಸಮಾಧಾನವಾಯಿತು.

ದುರ್ಗದ ವಕೀಲ

ಹಾಗಾದರೆ ಮೊದಲು ಅವರು ತಮ್ಮ ದಾಖಲೆಯನ್ನು ಸರಿಪಡಿಸಿಕೊಳ್ಳಲಿ. ಅಲ್ಲಿಯವರೆಗೆ ತಾವು ಅದನ್ನು ಕೊಳ್ಳುವ ಮಾತೇ ಬೇಡ. ನಳಿಗೆ ಒಂದು ಹೇಳಿ, ಪತ್ರ ಇನ್ನೊಂದು ಹೇಳಿದರೆ ಉತ್ತರ ಕೊಡಬೇಕಾದವರು ಕೈಯಲ್ಲಿ ಹಿಡಿದವರು.

ಗುರಿ ಕಲಿಸುವವಳು, ದಾವಣಗೆರೆ

ಒಂದು ಮಾತು ಕೇಳಲೇ? ಭುಜಕ್ಕೇರಿಸಿದಾಗ ಕಣ್ಣು ತುಂಬಿತು ಎಂದು ಬರೆದೆ. ಅದು ಆ ರೈಫಲಿನ ಗುಣವೋ, ಲೀವರಿನ ಗುಣವೋ? ಲೀವರಿನದಾದರೆ ಮಾರ್ಲಿನ್ ಹಿಡಿದಾಗಲೂ ಹಾಗೆಯೇ ಅನಿಸಬೇಕು. ಬೆಂಗಳೂರಿಗೆ ಹೋಗಿ ಹಿಡಿದು ನೋಡು. ಬಟ್ಟಿನ (ಭುಜಕ್ಕೆ ಒತ್ತುವ ಹಿಂಭಾಗದ) ತುದಿಯನ್ನು ಮೊಳಕೈ ಮಡಿಕೆಗೆ ಇಟ್ಟಾಗ ತೋರುಬೆರಳಿನ ಮೊದಲ ಗಿಣ್ಣು ಟ್ರಿಗರಿಗೆ ಆರಾಮವಾಗಿ ತಲುಪುತ್ತದೆಯೇ, ಕಣ್ಣು ಮುಚ್ಚಿ ಭುಜಕ್ಕೇರಿಸಿ ತೆರೆದಾಗ ಸೈಟ್ ಸರಿಯಾಗಿ ಎದುರಿಗಿದೆಯೇ ಎಂದು ಪರೀಕ್ಷಿಸು. ಅದೇ ಅಂಗಡಿಯಲ್ಲಿ .315 ಅನ್ನೂ ಹಿಡಿದು ನೋಡು. ಹವಾಲ್ದಾರರಿಗೆ ನ್ಯಾಯ ಸಲ್ಲಬೇಕು.

ಸೂಳೆಕೆರೆ ದಂಡೆ, ಚನ್ನಗಿರಿ

ಅಕ್ಕನವರ ಮಾತಿನಂತೆ ಶನಿವಾರ ಬೆಂಗಳೂರಿಗೆ ಹೋಗಿದ್ದೆ. ಮೊದಲು .315 ಹಿಡಿದೆ. ಅಚ್ಚುಕಟ್ಟಾದ ರೈಫಲ್, ಅದರ ಮೇಲೆ ನನಗೆ ದೂರಿಲ್ಲ. ಎಡಭುಜದಲ್ಲಿಟ್ಟು ಹತ್ತು ಸಲ ಬೋಲ್ಟ್ ಆಡಿಸಿದೆ; ಹತ್ತು ಸಲವೂ ಕಣ್ಣು ಗುರಿಯಿಂದ ಕದಲಿತು. ಆಮೇಲೆ ಮಾರ್ಲಿನ್. ವಿಂಚೆಸ್ಟರಿನಷ್ಟು ತೆಳುವಲ್ಲ, ಆದರೆ ಭುಜಕ್ಕೆ ಬಂದಾಗ ಸೈಟ್ ತಾನಾಗಿ ಎದುರಿಗೆ ನಿಂತಿತು. ನಳಿಗೆಯ ಮೇಲಿನ ಬರಹವನ್ನು ನಾನೂ ಓದಿದೆ, ವ್ಯಾಪಾರಿಯೂ ಓದಿದರು, ಅವರ ದಾಖಲೆ ಪುಸ್ತಕದಲ್ಲಿಯೂ ಹೋಲಿಸಿದೆವು: ಮೂರರಲ್ಲಿಯೂ .30-30. ನಳಿಗೆ ಕನ್ನಡಿಯಂತಿದೆ.

ತೋಟಾದ ವಿಷಯವನ್ನು ಬಿಡದೆ ಕೇಳಿದೆ. 170 ಗ್ರೇನಿನ ಚಪ್ಪಟೆ ಮೂತಿಯ ತೋಟಾ ಮೂರು ಪೆಟ್ಟಿಗೆ, ಒಂದೊಂದರಲ್ಲಿ ಇಪ್ಪತ್ತು, ಅವರ ಬಳಿ ಇವೆ; ಮುಂದೆ ಯಾವಾಗ ಬರುತ್ತದೆಂದು ಖಚಿತವಾಗಿ ಹೇಳಲಾರೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಹವಾಲ್ದಾರರ ಎಚ್ಚರಿಕೆ ಪೂರ್ತಿ ನಿಜ. ಹಾಗಾಗಿ ಲೆಕ್ಕ ಹೀಗೆ ಹಾಕಿದ್ದೇನೆ: ವಾರದ ಅಭ್ಯಾಸವೆಲ್ಲ ಅಕ್ಕನವರ ಬಳಿ .22ರಲ್ಲಿ, ಮನೆಯಲ್ಲಿ ಡಮ್ಮಿ ತೋಟಾದಲ್ಲಿ. ಎರಡು ತಿಂಗಳಿಗೊಮ್ಮೆ ರೇಂಜಿನಲ್ಲಿ .30-30ರ ಐದು ಗುಂಡು. ಅರವತ್ತು ತೋಟಾ ಎರಡು ವರ್ಷ ಬರುತ್ತವೆ. ನನ್ನ ಹಾಗೆ ನೂರು ಮೀಟರಿನ ಕಾಗದದ ಗುರಿಗೆ ನಿಧಾನವಾಗಿ ಹೊಡೆಯುವವನಿಗೆ ಅಷ್ಟು ಸಾಕು. ಬಲಗೈಯವನಾಗಿದ್ದರೆ ಎರಡನೆಯ ಯೋಚನೆ ಇಲ್ಲದೆ .315 ತೆಗೆದುಕೊಳ್ಳುತ್ತಿದ್ದೆ.

ಮಾರ್ಲಿನ್ ಅನ್ನು ಕಾದಿರಿಸಿ, ಪರವಾನಗಿಯಲ್ಲಿ ನಮೂದಿಸಲು ಸೋಮವಾರ ದಾವಣಗೆರೆಯ ಕಚೇರಿಗೆ ಪತ್ರ ಕೊಡುತ್ತೇನೆ.

ನಿವೃತ್ತ ಹವಾಲ್ದಾರ್, ಚಿತ್ರದುರ್ಗ

ಲೆಕ್ಕ ಹಾಕಿ ತೆಗೆದುಕೊಂಡಿದ್ದೀಯ, ನನಗೆ ಸಂತೋಷ. ಹತ್ತು ಸಲ ಕದಲಿದ ಕಣ್ಣನ್ನು ನೀನೇ ಕಂಡ ಮೇಲೆ ನಾನು ವಾದ ಮಾಡುವುದಿಲ್ಲ. ಮಳೆಗಾಲದಲ್ಲಿ ತೋಟದ ಮನೆಯ ತೇವಕ್ಕೆ ಎಣ್ಣೆಯ ತೆಳು ಪದರ ಯಾವಾಗಲೂ ಇರಲಿ, ಹೊಡೆಯುವ ಮುನ್ನ ನಳಿಗೆಯೊಳಗಿನ ಎಣ್ಣೆಯನ್ನು ಮಾತ್ರ ಒಣ ಬಟ್ಟೆಯಿಂದ ತೆಗೆ. ರೈಫಲನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬೇಡ, ಚರ್ಮ ನೀರು ಹೀರುತ್ತದೆ. ಕೈಗೆ ಬಂದ ಮೊದಲ ಭಾನುವಾರ ಪತ್ರಗಳ ಸಮೇತ ದುರ್ಗಕ್ಕೆ ಬಾ. ಮಾರ್ಲಿನ್ ಲೀವರಿನ ಆ ಒಂದು ಸ್ಕ್ರೂಗೆ ಸರಿಹೊಂದುವ ಸ್ಕ್ರೂಡ್ರೈವರನ್ನು ನಾನು ತಿದ್ದಿ ಇಟ್ಟಿರುತ್ತೇನೆ, ಹಿಂದಿನಿಂದ ಸಲಾಕೆ ಹಾಕುವುದನ್ನು ಇಬ್ಬರೂ ಕೂತು ನೋಡೋಣ.

ಸೂಳೆಕೆರೆ ದಂಡೆ, ಚನ್ನಗಿರಿ

ಖಂಡಿತ ಬರುತ್ತೇನೆ. ಚಿಕ್ಕಮಗಳೂರಿನ ಹಿರಿಯರೂ ಇವತ್ತು ಫೋನ್ ಮಾಡಿದ್ದರು. ಆ ಏಳು ತೋಟಾಗಳನ್ನು ಠಾಣೆಗೆ ಒಪ್ಪಿಸಿ, ದಾಖಲೆ ತಿದ್ದಲು ಅರ್ಜಿ ಕೊಟ್ಟಿದ್ದಾರಂತೆ.